ಅಕ್ಕ ಮಾಡಿದ ಸರಿಪಾಲು

ಶಾಲೆಯಲ್ಲಿ ಅವಳು ಲೆಕ್ಕದ ಟೀಚರ್, ಮನೆಯಲ್ಲಿ ಅಕ್ಕ. ತಾಯಿ ತೀರಿಕೊಂಡಾಗ ಇಬ್ಬರು ತಮ್ಮಂದಿರಲ್ಲಿ ಚಿಕ್ಕವನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಪ್ಪ ಇದ್ದೂ ಇಲ್ಲದಂತಿದ್ದ. ಸೌಟು, ಪೊರಕೆ, ತಮ್ಮಂದಿರ ಪಾಟಿಚೀಲ ಎಲ್ಲ ಅವಳ ಕೈಗೇ ಬಂದವು. ಮದುವೆಯ ಮಾತೆತ್ತಿದವರಿಗೆಲ್ಲ "ಇವರಿಬ್ಬರು ಒಂದು ದಡ ಸೇರಲಿ, ಆಮೇಲೆ ನೋಡೋಣ" ಎನ್ನುತ್ತಿದ್ದಳು. ಅವರು ದಡ ಸೇರಿದರು, ಮದುವೆಯಾದರು, ಮಕ್ಕಳಾದವು. ಅಷ್ಟರಲ್ಲಿ ಇವಳ ತಲೆ ನರೆತಿತ್ತು.

ಅಪ್ಪನೂ ಹೋದ ಮೇಲೆ ಮನೆಯಲ್ಲಿ ಕಿರಿಕಿರಿ ಶುರುವಾಯಿತು. ಬಚ್ಚಲಿಗೆ ಮೊದಲು ಯಾರು ಹೋಗಬೇಕೆಂಬಲ್ಲಿ ಹುಟ್ಟಿದ ಜಗಳ ಅಣ್ಣತಮ್ಮಂದಿರು ಮುಖ ತಿರುಗಿಸುವಲ್ಲಿಗೆ ಬಂದು ನಿಂತಿತು. ಪಾಲಾಗಲಿ ಎಂದರು ಇಬ್ಬರೂ.

"ಹೊರಗಿನವರು ಯಾಕೆ? ಅಕ್ಕಾನೇ ಅಳೆದು ಕೊಡ್ಲಿ. ಅವಳ ಲೆಕ್ಕ ತಪ್ಪಲ್ಲ" ಎಂದ ದೊಡ್ಡ ತಮ್ಮ. ಚಿಕ್ಕವನು ತಲೆಯಾಡಿಸಿದ. ಆ ವರ್ಷವಿಡೀ ಅವರಿಬ್ಬರೂ ಒಪ್ಪಿದ್ದು ಅದೊಂದೇ ಮಾತನ್ನು.

ಟೇಪಿನ ಒಂದು ತುದಿ ದೊಡ್ಡವನ ಕೈಯಲ್ಲಿ, ಇನ್ನೊಂದು ಚಿಕ್ಕವನ ಕೈಯಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಎಳೆದು ಹಿಡಿದರು; ನಡುವೆ ಬಗ್ಗಿ ಅಕ್ಕ ಅಂಕಿ ಓದಿದಳು. ಮನೆ ನೆಟ್ಟಗಿನ ಆಯತ, ಬೀದಿಯುದ್ದಕ್ಕೆ ನಲವತ್ತು ಅಡಿ, ಒಳಕ್ಕೆ ಮೂವತ್ತು. ಹಿತ್ತಲು ಮಾತ್ರ ತ್ರಿಕೋನ. ಹಿಂದಿನ ಓಣಿ ಓರೆಯಾಗಿ ಹಾದುಹೋಗಿದ್ದರಿಂದ ಎಡಗಡೆ ಇಪ್ಪತ್ತು ಅಡಿ ಇದ್ದ ಹಿತ್ತಲು, ಬಲಕ್ಕೆ ಹೋಗುತ್ತ ಹೋಗುತ್ತ ಕತ್ತರಿಯ ಬಾಯಿಯಂತೆ ಮುಚ್ಚಿಕೊಂಡಿತ್ತು.

ಅಡುಗೆಮನೆಯ ನೆಲದ ಮೇಲೆ ಅವಳು ಸೀಮೆಸುಣ್ಣದಿಂದ ಚಿತ್ರ ಬರೆದಳು. ನಲವತ್ತು ಮೂವತ್ತಲೆ ಸಾವಿರದ ಇನ್ನೂರು ಚದರ ಅಡಿ ಮನೆ. ನಲವತ್ತು ಇಪ್ಪತ್ತಲೆ ಎಂಟುನೂರು, ತ್ರಿಕೋನವಾದ್ದರಿಂದ ಅದರಲ್ಲಿ ಅರ್ಧ, ನಾನೂರು ಹಿತ್ತಲು. ಒಟ್ಟು ಸಾವಿರದ ಆರುನೂರು. ತಲಾ ಎಂಟುನೂರು. ಬೀದಿಯಿಂದ ಇಪ್ಪತ್ತು ಅಡಿ ಒಳಗೆ ಅಡ್ಡಗೋಡೆ ಎಬ್ಬಿಸಿದರೆ ಮುಂದಿನ ಪಾಲು ಸರಿಯಾಗಿ ಎಂಟುನೂರು. ಹಿಂದೆ ಉಳಿದ ಹತ್ತು ಅಡಿಯ ಪಟ್ಟಿ ನಾನೂರು, ಹಿತ್ತಲು ನಾನೂರು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಗೋಡೆ ಏಳುವುದು ತಾನು ಅವರಿಗೆ ತುತ್ತಿಟ್ಟ ಅಡುಗೆಮನೆಯ ನಟ್ಟನಡುವೆ ಎಂಬುದು ಕಂಡಿತ್ತು. ಕಂಡರೂ ಗೆರೆ ಎಳೆದಳು.

ಚೀಟಿ ಎತ್ತಿದರು. ದೊಡ್ಡವನಿಗೆ ಮುಂದಿನ ಪಾಲು, ಚಿಕ್ಕವನಿಗೆ ಹಿಂದಿನದು.

ಚಿಕ್ಕವನು ಹಿತ್ತಲಿಗೆ ಹೋಗಿ, ಆ ಚೂಪು ಮೂಲೆಯಲ್ಲಿ ನಿಂತ. ಎರಡು ಕೈ ಚಾಚಿದರೆ ಎರಡೂ ಗೋಡೆ ತಾಗುತ್ತಿದ್ದವು.

"ಅಕ್ಕಾ, ಇಲ್ಲಿ ಬಾ. ಮಂಚ ಎಲ್ಲಿ ಹಾಕ್ಲಿ ಹೇಳು."

ಅವಳು ಹೋಗಿ ಮೂಲೆಯನ್ನು ಕಣ್ಣಲ್ಲೇ ಅಳೆದಳು.

"ನಾನೂರು ಅಡಿ ಅಂದ್ಯಲ್ಲ, ಅದರಲ್ಲಿ ಬಾಳೋಕಾಗೋದು ಎಷ್ಟು? ಲೆಕ್ಕ ಹಾಕುವಾಗ ಇದು ಗೊತ್ತಿರ್ಲಿಲ್ವಾ ನಿಂಗೆ?"

ಗೊತ್ತಿರಲಿಲ್ಲ. ಮೂವತ್ತು ವರ್ಷ ತ್ರಿಕೋನದ ವಿಸ್ತೀರ್ಣ ಕಲಿಸಿದವಳು ಒಮ್ಮೆಯೂ ತ್ರಿಕೋನದೊಳಗೆ ಸಂಸಾರ ಹೂಡಿ ನೋಡಿರಲಿಲ್ಲ. ಅವಳು ದೊಡ್ಡವನ ಬಳಿ ಓಡಿದಳು. "ನೋಡೋ, ಗೋಡೆನ ಎರಡಡಿ ಈಚೆಗೆ ತರೋಣ. ಅವನಿಗೆ ಮೂಲೆ ದಂಡ ಆಗುತ್ತೆ."

"ಲೆಕ್ಕ ಅಂದ್ರೆ ಲೆಕ್ಕ, ಅಕ್ಕ. ಮಾಡಿದ್ದೂ ನೀನೇ" ಎಂದ ದೊಡ್ಡವನು, ತಲೆ ಎತ್ತದೆ.

ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಚಿಕ್ಕವನಿಗೆ ಅಷ್ಟು ಸಾಕಾಯಿತು. "ಬಿಡು. ಯಾವತ್ತೂ ನಿಂದು ಹಿಂಗೇ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ."

ಜ್ವರ ಬಂದಾಗ ರಾತ್ರಿಯಿಡೀ ಇವಳ ಸೆರಗು ಹಿಡಿದು ಮಲಗುತ್ತಿದ್ದವನ ಮಾತದು. ಅಕ್ಕ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಆಗ ದೊಡ್ಡವನ ಹೆಂಡತಿ ಮೆಲ್ಲಗೆ ಕೇಳಿದಳು, "ಅದಿರ್ಲಿ, ಅಕ್ಕ ಯಾವ ಕಡೆ ಇರ್ತಾರೆ?"

ಅಕ್ಕನಿಗೂ ಆಗಲೇ ಹೊಳೆದದ್ದು, ತಾನು ಭಾಗಿಸಿದ್ದು ಎರಡರಿಂದ ಎಂದು. ಹಣ್ಣಾಗಲಿ ಹೊದಿಕೆಯಾಗಲಿ, ಅವಳ ಕೈಗೆ ಎರಡು ಪಾಲು ಮಾಡಿಯೇ ಅಭ್ಯಾಸ. "ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ..." ಎಂದು ದೊಡ್ಡವನು ಶುರುಮಾಡಿದ. "ಬೇಡಪ್ಪ" ಎಂದಳು.

ಶಾಲೆಯ ಹತ್ತಿರ ಅಂಗಡಿಯೊಂದರ ಮೇಲಿನ ಕೋಣೆ ಬಾಡಿಗೆಗೆ ಹಿಡಿದಳು. ಹೊರಡುವ ದಿನ ದೊಡ್ಡವನು ಟ್ರಂಕು ಹೊತ್ತು ತಂದುಕೊಟ್ಟ. ಚಿಕ್ಕವನು ಎದುರಿಗೇ ಬರಲಿಲ್ಲ. ಗೋಡೆ ಎದ್ದ ಮೇಲೆ ಅವಳು ಒಮ್ಮೆ ಓಣಿಯ ಕಡೆಯಿಂದ ಚಿಕ್ಕವನ ಬಾಗಿಲು ತಟ್ಟಿದಳು. ಅವನ ಹೆಂಡತಿ ಕೂರಿಸಿ ನೀರು ಕೊಟ್ಟಳು. ಅವನು ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಆ ಮೂಲೆಯಲ್ಲಿ ಮುರಿದ ಕುರ್ಚಿ, ತೂತಾದ ಬಕೆಟ್ಟು, ಬೇಡವಾದ ಸಾಮಾನೆಲ್ಲ ಬಿದ್ದಿದ್ದವು. ದಾರಿಯುದ್ದಕ್ಕೂ ಅಕ್ಕ ಅತ್ತಳು.

ಎರಡು ವರ್ಷ ಹಾಗೇ ಕಳೆಯಿತು. ಒಂದು ಸಂಜೆ ಚಿಕ್ಕವನ ಮಗಳು ಪುಸ್ತಕ ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದಳು.

"ಅತ್ತೆ, ಲೆಕ್ಕದಲ್ಲಿ ಫೇಲಾಗಿದೀನಿ. ಅಪ್ಪ ನಿಮ್ಮತ್ರ ಹೇಳಿಸ್ಕೊ ಅಂದ್ರು."

ಅಕ್ಕ ಕಿಟಕಿಯಿಂದ ಇಣುಕಿದಳು. ಕೆಳಗೆ ಸೈಕಲ್ಲಿಗೆ ಒರಗಿ ಅವನು ನಿಂತಿದ್ದ, ಬೀದಿಯ ಆ ತುದಿಯನ್ನೇ ನೋಡುತ್ತ. ಅವನ ಕೂದಲೂ ಬೆಳ್ಳಗಾಗಿತ್ತು.

"ಮೇಲೆ ಬರೋಕೆ ಹೇಳಮ್ಮ ನಿಮ್ಮಪ್ಪಂಗೆ. ಟೀ ಕುಡ್ಕೊಂಡು ಹೋಗ್ಲಿ."

ಹುಡುಗಿ ಇಳಿದು ಹೋಗಿ, ಏದುಸಿರು ಬಿಡುತ್ತ ಹಿಂದಿರುಗಿದಳು. "ಬರಲ್ವಂತೆ ಅತ್ತೆ. ನಿಧಾನಕ್ಕೆ ಹೇಳಿಸ್ಕೊ, ನಾನು ಕಾಯ್ತೀನಿ ಅಂದ್ರು."

ಅಕ್ಕ ಚಾಪೆ ಹಾಸಿದಳು.