ಬಾಗಿಲ ಮೊಳೆಗೆ ತೂಗುವ ಕೀಲಿ

ಶಿಗ್ಗಾಂವಿಯ ನಮ್ಮ ಮನೆಯಲ್ಲಿ ಕಾರಿನ ಕೀಲಿ ತಲೆಬಾಗಿಲ ಪಕ್ಕದ ಮೊಳೆಗೆ ತೂಗುತ್ತದೆ. ಓಣಿಯವರಿಗೆಲ್ಲ ಅದು ಗೊತ್ತು. ಹಾನಗಲ್ಲಿಗೆ ಹೆಣ್ಣು ನೋಡಲು, ಹಿರೇಕೆರೂರಿಗೆ ಬೀಗರನ್ನು ಬಿಟ್ಟುಬರಲು, ಯಾರಾದರೂ ಬಂದು "ಕಾಕಾ, ಗಾಡಿ ಒಯ್ತೇನ್ರಿ" ಅನ್ನುತ್ತಾರೆ. ಅಪ್ಪ ಕಾಳಿನ ಅಂಗಡಿಗೆ ಹೊರಟಿರಲಿ, ಊಟಕ್ಕೆ ಕುಳಿತಿರಲಿ, "ಲೈಸನ್ಸ್ ಐತೇನಪಾ?" ಎಂದಷ್ಟೇ ಕೇಳುತ್ತಾನೆ. ಗಾಡಿ ಮರಳಿ ತಂದವರು ಮುಂದಿನ ಸೀಟಿನ ಮೇಲೆ ಕುರುಕಲು ತಿಂಡಿ ಸವಣೂರು ಖಾರದ ಪೊಟ್ಟಣವನ್ನೋ ವೀಳ್ಯದೆಲೆಯ ಕಟ್ಟನ್ನೋ ಇಟ್ಟು ಹೋಗುತ್ತಾರೆ. ಡೀಸೆಲ್ ಹಾಕಿಸುವ ನೆನಪು ಮಾತ್ರ ಯಾರಿಗೂ ಆಗುವುದಿಲ್ಲ. ನಮ್ಮದು ಕಾರಲ್ಲ, ಧರ್ಮಛತ್ರ ಎಂದು ನಾನು ಗೊಣಗುತ್ತೇನೆ. ಆ ಖಾರ ಖಾಲಿ ಮಾಡುವವಳೂ ನಾನೇ.

ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ತಂಗಿ ಹೋದ ಬೇಸಿಗೆಗೆ ಬಂದವಳು ಇದನ್ನು ನೋಡಿ ಗಾಬರಿಯಾದಳು.

"ಅಪ್ಪಾ, ಕಂಡಕಂಡವರಿಗೆ ಗಾಡಿ ಕೊಡ್ತೀಯಲ್ಲ, ಗುದ್ದಿದ್ರ?"

"ವಿಮಾ ಗಾಡಿಗೆ ಐತೆವ್ವಾ. ಲೈಸನ್ಸ್ ಇದ್ದಾವ ಯಾರರ ಹೊಡೀಲಿ."

ಅಲ್ಲಿಯೂ ವಿಮೆ ಕಡ್ಡಾಯವೇ, ಆದರೆ ಸಾಮಾನ್ಯವಾಗಿ ವಿಮೆಯ ಕಾಗದದಲ್ಲಿ ಹೆಸರಿದ್ದವರು ಮಾತ್ರ ಗಾಡಿ ಓಡಿಸಬೇಕು ಎಂದು ಅವಳು ವಿವರಿಸಿದಳು. ಜೊತೆಗೆ ಕೆಲಸ ಮಾಡುವ ಗೆಳತಿಯೊಬ್ಬಳ ದೇಶ ನ್ಯೂಜಿಲೆಂಡಿನಲ್ಲಿ ಕಾರಿಗೆ ವಿಮೆ ಕಡ್ಡಾಯವೇ ಅಲ್ಲವಂತೆ, ಗಾಯವಾದವರನ್ನು ಸರಕಾರವೇ ನೋಡಿಕೊಳ್ಳುತ್ತದಂತೆ. ಅಪ್ಪನ ಕಿವಿಗೆ ಅದು ಬೀಳಲೇ ಇಲ್ಲ.

"ನಿನ್ನ ಕಾಗದದಾಗ ಯಾರ್ಯಾರ ಹೆಸರೈತಿ?"

"ನಂದೊಂದ."

"ಮತ್ತ ಕಾಲು ಉಳುಕಿತ್ತು ಅಂದಿದ್ಯಲ್ಲ, ಅವಾಗ?"

"ಗಾಡಿ ಬಾಗಲದಾಗ ನಿಂತಿತ್ತು. ನಾ ಕುಂಟ್ಕೋಂತ ಬಸ್ಸಿಗೆ ಹೋದೆ."

ಅಪ್ಪ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ. ಅವಳು ಹೊರಡುವ ದಿನ ಚೀಲದಲ್ಲಿ ತಾನೇ ಖಾರದ ಪೊಟ್ಟಣ ತುರುಕಿ, "ಬಾಜೂ ಮನಿಯವರಿಗೆ ಕೊಡು. ಅವ್ರ ಹೆಸರೂ ಬರಸು" ಅಂದ.

"ಅವ್ರ ಗುರ್ತ ಇಲ್ಲಪಾ."

"ಖಾರಾ ಕೊಟ್ಟ ನೋಡು, ಗುರ್ತ ಆಗ್ತೈತಿ."

ಮೊನ್ನೆ ಅವಳ ಫೋನ್ ಬಂತು. ಪಕ್ಕದ ಮನೆಯಾಕೆಯ ಹೆಸರು ಬರೆಸಿದ್ದಾಳೆ. ಆಕೆ ಒಮ್ಮೆ ಗಾಡಿ ಒಯ್ದು ತಂದದ್ದೂ ಆಯಿತಂತೆ.

"ಸೀಟಿನ ಮ್ಯಾಲ ಏನರ ಇಟ್ಟಿದ್ಲೇನು?" ಅಪ್ಪ ಕೇಳಿದ.

"ಹೂಂ ಅಪ್ಪಾ. ಸೇಬುಹಣ್ಣು."

ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟು ಟವೆಲ್ಲಿನಿಂದ ಕಣ್ಣೊರೆಸಿಕೊಂಡ. "ಇವತ್ತ ನನಗ ಚಲೋ ನಿದ್ದಿ ಬರ್ತೈತಿ" ಅಂದ.