ಆರು ಎಲೆ, ಒಂದೇ ಸೌಟು

ನಮ್ಮ ವೈನಿಯ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ಸಿಟ್ಟೇ ಬರುತ್ತದೆ. ಈ ಕಥೆಯಲ್ಲಿ ನಾನು ಅಷ್ಟೇನೂ ಚೆನ್ನಾಗಿ ಕಾಣಿಸುವುದಿಲ್ಲ, ಅದಕ್ಕೆ. ಆದರೂ ಬರೆಯುತ್ತೇನೆ. ಇಂಥವರು ನಮ್ಮ ಮನೆಗೆ ಸೊಸೆಯಾಗಿ ಬಂದರು ಎಂದು ಎದೆಯುಬ್ಬಿಸಿ ಹೇಳುವ ಹಕ್ಕು ನನಗಿದೆ. ಅದನ್ನು ಬಿಟ್ಟುಕೊಡಲಾರೆ.

ವೈನಿಯ ಹೆಸರು ಸುಭದ್ರಾ. ನನ್ನ ಅಣ್ಣ ರಾಮದಾಸನ ಹೆಂಡತಿ. ಅವರು ಹುಮನಾಬಾದಿನಿಂದ ನಮ್ಮ ಮನೆಗೆ ಬಂದಾಗ ನಾನು ಐದನೇ ತರಗತಿಯ ಹುಡುಗ, ಅಮ್ಮ ಇಲ್ಲದವನು. ನನಗೆ ಉಣ್ಣಿಸಿ, ಕಿವಿ ಹಿಂಡಿ, ಓದಿಸಿದವರು ಅವರೇ. ಅಣ್ಣನಿಗೆ ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಫಿಟ್ಟರ್ ಕೆಲಸ ಸಿಕ್ಕ ಮೇಲೆ ಕೂಕಟ್‌ಪಲ್ಲಿಯ ಬಾಡಿಗೆ ಮನೆಯೇ ನಮ್ಮ ಮನೆಯಾಯಿತು. ನಾನು ಈಗ ಅಮೀರ್‌ಪೇಟ್‌ನಲ್ಲಿ ಬ್ಯಾಂಕ್ ಪರೀಕ್ಷೆಗೆ ಕೂರುವ ಹುಡುಗರಿಗೆ ಲೆಕ್ಕ ಹೇಳಿಕೊಡುತ್ತೇನೆ. ಬಡ್ಡಿ, ಚಕ್ರಬಡ್ಡಿ, ಶೇಕಡಾವಾರು ಎಲ್ಲ ನನಗೆ ನೀರು ಕುಡಿದಷ್ಟು ಸುಲಭ ಎಂದು ನಾನು ನಂಬಿಕೊಂಡಿದ್ದ ಕಾಲ ಒಂದಿತ್ತು.

ವೈನಿ ಜೋಳದ ರೊಟ್ಟಿ ಮಾಡಿ ಮಾರುತ್ತಾರೆ. ಗಚ್ಚಿಬೌಲಿಯ ಕಂಪನಿಗಳಲ್ಲಿ ದುಡಿಯುವ ಕನ್ನಡದ ಹುಡುಗ ಹುಡುಗಿಯರಿಗೆ ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ ಕಟ್ಟಿ ಕಳಿಸುತ್ತಾರೆ. ಅಡುಗೆಮನೆಯ ಮೂಲೆಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ, ಅವರ ಇಡೀ ಸಂಪಾದನೆ ಅದರ ಮೇಲೆ ನಿಂತಿದೆ. ನಾಮಕರಣ, ಸೀಮಂತ ಎಂದರೆ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಅಡುಗೆಗೂ ಹೋಗುತ್ತಾರೆ. ಅಡುಗೆ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ವೈನಿಯ ದೊಡ್ಡಸ್ತಿಕೆ ಇರುವುದು ಬಡಿಸುವುದರಲ್ಲಿ. ಪಂಕ್ತಿ ಕೂತ ಕೂಡಲೇ ಎಲೆ ಎಣಿಸುತ್ತಾರೆ, ಪಾತ್ರೆಯೊಳಗೆ ಒಮ್ಮೆ ಇಣುಕುತ್ತಾರೆ, ಆಮೇಲೆ ಸೌಟಿನ ಅಳತೆ ನಿಶ್ಚಯಿಸುತ್ತಾರೆ. ಆ ಅಳತೆ ಮೊದಲ ಎಲೆಗೂ ಒಂದೇ, ಕೊನೆಯ ಎಲೆಗೂ ಒಂದೇ.

ಅಣ್ಣನ ಬೆನ್ನೆಲುಬಿನ ಆಪರೇಷನ್ ಆದ ವರ್ಷ ಈ ಮನೆಯ ಲೆಕ್ಕ ತಪ್ಪಿತು. ಹನ್ನೊಂದು ತಿಂಗಳು ಅವನಿಗೆ ಸಂಬಳವಿರಲಿಲ್ಲ. ಬ್ಯಾಂಕಿನ ಸಾಲ, ಕ್ರೆಡಿಟ್ ಕಾರ್ಡು, ಫೈನಾನ್ಸ್ ಕಂಪನಿ, ಇವು ಮೂರು. ನಾಲ್ಕನೆಯದು ಅಮರಯ್ಯನ ಚೀಟಿ. ಅಮರಯ್ಯ ರಾಯಚೂರಿನವನು, ಕೂಕಟ್‌ಪಲ್ಲಿಯಲ್ಲೇ ಕಬ್ಬಿಣದ ಸಾಮಾನಿನ ಅಂಗಡಿ, ನಮ್ಮ ಕನ್ನಡದವರ ನಡುವೆ ಚೀಟಿ ನಡೆಸುತ್ತಾನೆ. ವೈನಿ ಮೂರನೇ ತಿಂಗಳಿಗೇ ಚೀಟಿ ಎತ್ತಿ ಆಸ್ಪತ್ರೆಗೆ ಕಟ್ಟಿದ್ದರು. ಮುಂದಿನ ಕಂತು ನಿಂತಾಗ ಅಮರಯ್ಯ ಉಳಿದವರಿಗೆ ಕೈಯಿಂದ ಹಾಕಿ ಕೊಟ್ಟಿದ್ದ. ಐದನೆಯದು ಕಿರಾಣಿ ಅಂಗಡಿ ಸತೀಶನ ಬಾಕಿ. ಆರನೆಯವನು ನಾನು, ಮೂವತ್ತಾರು ಸಾವಿರ.

ಎಲ್ಲ ಸೇರಿ ಏಳು ಲಕ್ಷ ಇಪ್ಪತ್ತು ಸಾವಿರ. ತಿಂಗಳಿಗೆ ಕಟ್ಟಬೇಕಾದದ್ದು ನಲವತ್ತು ಸಾವಿರದ ಮೇಲೆ. ಮನೆ ಖರ್ಚು ಕಳೆದು ವೈನಿಯ ಕೈಯಲ್ಲಿ ಉಳಿಯುತ್ತಿದ್ದದ್ದು ಹದಿನೈದು ಸಾವಿರ.

ಆಗ ವೈನಿ ಏನು ಮಾಡುತ್ತಿದ್ದರು? ಯಾರು ಜೋರಾಗಿ ಕೂಗಿದರೋ ಅವರಿಗೆ ಕೊಡುತ್ತಿದ್ದರು. ವಸೂಲಿಯವನು ಮೆಟ್ಟಿಲ ಮೇಲೆ ನಿಂತು ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಹಿಂದಿಯಲ್ಲಿ ಕಿರುಚಿದರೆ ಅವನ ಕೈಗೆ ಐದು ಸಾವಿರ. ಸತೀಶ ಕೂಗುವವನಲ್ಲ, ಅವನಿಗೆ ಮೂರು ತಿಂಗಳು ಬಿಡಿಗಾಸಿಲ್ಲ. ನಾನು ನನ್ನ ಪಾಲಿನ ಸೇವೆ ಎಂಬಂತೆ ಉಪದೇಶ ಮಾಡಿದೆ: "ಹಾಸಿಗಿ ಇದ್ದಷ್ಟು ಕಾಲು ಚಾಚಬೇಕು ವೈನಿ."

"ಹಾಸಿಗ್ಯಾಗ ಬಿದ್ದಾಂವ ನಿಮ್ಮಣ್ಣ. ಕಾಲು ಚಾಚಾಕ ಬರಲಾರದಕ್ಕ ಇಷ್ಟೆಲ್ಲಾ ಆಗೇತಿ," ಎಂದರು.

ಗಚ್ಚಿಬೌಲಿಯ ಒಂದು ನಾಮಕರಣದಲ್ಲಿ ಅವರಿಗೆ ದಾರಿ ಹೊಳೆಯಿತು. ಅರವತ್ತು ಎಲೆ ಎಂದು ಹೇಳಿದ್ದವರು ತೊಂಬತ್ತು ಜನರನ್ನು ಕರೆದಿದ್ದರು. ವೈನಿ ಸೌಟು ಸಣ್ಣದು ಮಾಡಿದರು. ನಡುವೆ ಕೂತವರೊಬ್ಬರು ಸಾರು ಸಾರು ಎಂದು ಕೂಗಿದ್ದಕ್ಕೆ ಜೊತೆಯ ಕೃಪಾ ಎರಡು ಸೌಟು ಸುರಿದುಬಿಟ್ಟಳು. ವೈನಿ ಅವಳನ್ನು ಪಕ್ಕಕ್ಕೆ ಕರೆದು ಗದರಿದರು: "ಕೂಗಿದವರ ಎಲಿಗೆ ಹಾಕ್ಕೋಂತ ಹೋದ್ರ ಕೂಗಲಾರದವರು ಉಪವಾಸ ಏಳ್ತಾರ." ಮನೆಗೆ ಮರಳುವ ಬಸ್ಸಿನಲ್ಲಿ ಆ ಮಾತು ತಮಗೇ ತಗುಲಿತಂತೆ. ಇಪ್ಪತ್ತು ವರ್ಷ ಪಂಕ್ತಿಯಲ್ಲಿ ಮಾಡದ ತಪ್ಪನ್ನು ತಾನು ಸ್ವಂತ ಮನೆಯಲ್ಲಿ ಮಾಡುತ್ತಿದ್ದೇನಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಮರುದಿನ ಒಂದು ಹಾಳೆ ತೆಗೆದರು. ಮೇಲೆ ತಮ್ಮ ಆದಾಯ, ಬಾಡಿಗೆ, ಔಷಧ, ಜೋಳ, ಗ್ಯಾಸು, ಏನನ್ನೂ ಮುಚ್ಚಿಡದೆ. ಕೆಳಗೆ ಆರು ಹೆಸರು. ಇರುವ ಹದಿನೈದು ಸಾವಿರವನ್ನು ಆರು ಜನರಿಗೂ ಅವರವರ ಬಾಕಿಯ ಪ್ರಮಾಣದಲ್ಲೇ ಹಂಚಿದ್ದರು. ಬಾಕಿಯ ಪ್ರತಿ ನಲವತ್ತೆಂಟು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ. ಬ್ಯಾಂಕಿಗೆ ಆರು ಸಾವಿರ, ಅಮರಯ್ಯನಿಗೆ ಎರಡು ಸಾವಿರ, ಸತೀಶನಿಗೆ ಐನೂರು, ನನಗೆ ಏಳುನೂರೈವತ್ತು. ಬಡ್ಡಿ ನಿಲ್ಲಿಸಿದರೆ ನಾಲ್ಕು ವರ್ಷಕ್ಕೆ ಎಲ್ಲರ ಸಾಲವೂ ತೀರುತ್ತದೆ. ಲೆಕ್ಕದ ಮಾಸ್ತರನಾದ ನಾನು ಆ ಹಾಳೆಯಲ್ಲಿ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ.

ಇಂಗ್ಲಿಷಿನಲ್ಲಿ ಮಾತಾಡುವುದಕ್ಕೆ ಎಂದು ಬ್ಯಾಂಕಿಗೆ ನನ್ನನ್ನು ಕರೆದುಕೊಂಡು ಹೋದರು. ನನ್ನ ಇಂಗ್ಲಿಷ್ ಬೇಕಾಗಲಿಲ್ಲ. ವೈನಿ ಹಾಳೆಯನ್ನು ಮೇಜಿನ ಮೇಲಿಟ್ಟು ತೆಲುಗಿನಲ್ಲೇ ಎಲ್ಲ ಹೇಳಿದರು. ಇನ್ನೊಂದು ದೊಡ್ಡ ಸಾಲ ಕೊಡುತ್ತೇವೆ, ಹಳೆಯದನ್ನೆಲ್ಲ ತೀರಿಸಿ ಎಂದು ಮ್ಯಾನೇಜರು ಆಸೆ ತೋರಿಸಿದರು. ವೈನಿ ಬೇಡ ಎಂದರು. ಮೂರು ಸಲ ಅಲೆದ ಮೇಲೆ ಬ್ಯಾಂಕು ಬಡ್ಡಿ ನಿಲ್ಲಿಸಲು ಅರ್ಧ ಮನಸ್ಸಿನಿಂದ ಒಪ್ಪಿತು. ಆದರೆ ಎರಡು ಷರತ್ತು: ಉಳಿದವರೂ ಒಪ್ಪಿರಬೇಕು, ಸಂಪಾದನೆ ನಿಲ್ಲಬಾರದು. ಕಾರ್ಡಿನವರೂ ಫೈನಾನ್ಸಿನವರೂ ಐದಾರು ಪತ್ರಗಳ ನಂತರ ಅದನ್ನೇ ಹೇಳಿದರು.

ಸಂಪಾದನೆ ಎಂದರೆ ಗಿರಣಿ. ಆ ಗಿರಣಿಯ ಮೇಲೆ ಅಮರಯ್ಯ ಕಣ್ಣಿಟ್ಟಿದ್ದ. ಶನಿವಾರದೊಳಗೆ ಅರ್ಧದಷ್ಟಾದರೂ ದುಡ್ಡು ಕೊಡದಿದ್ದರೆ ಟೆಂಪೊ ತಂದು ಅದನ್ನು ಹೊತ್ತುಕೊಂಡು ಹೋಗುತ್ತೇನೆ ಎಂದು ಹೇಳಿ ಕಳಿಸಿದ್ದ. ಗಿರಣಿ ಹೋದರೆ ರೊಟ್ಟಿ ಇಲ್ಲ, ರೊಟ್ಟಿ ಇಲ್ಲದಿದ್ದರೆ ಹಾಳೆಗೆ ಬೆಲೆಯಿಲ್ಲ.

ಈಗ ನನ್ನ ಪ್ರತಾಪ ಕೇಳಿ. ಶುಕ್ರವಾರ ಮಧ್ಯಾಹ್ನ ಪಾಠದ ನಡುವಿನ ಬಿಡುವಿನಲ್ಲಿ ವೈನಿಗೆ ಫೋನ್ ಮಾಡಿದೆ. ಆಗಲೇ ಬೇರೆ ಇದ್ದ ನಾನು ಹೊಸ ಮನೆ ಬಾಡಿಗೆಗೆ ಹಿಡಿಯುವವನಿದ್ದೆ, ಅಡ್ವಾನ್ಸಿಗೆ ದುಡ್ಡು ಬೇಕಿತ್ತು. "ವೈನಿ, ನಾ ಮನಿಯಾಂವ ಅಲ್ಲೇನ್ರಿ? ಮೊದಲು ನಂದಷ್ಟು ಕೊಟ್ಟುಬಿಡ್ರಿ. ಹಾಳ್ಯಾಗ ಬರಿಯೋದು ಬ್ಯಾಡ. ಯಾರಿಗೂ ಗೊತ್ತಾಗಂಗಿಲ್ಲ," ಎಂದೆ. ಆ ಕಡೆ ಗಿರಣಿ ತಿರುಗುವ ಸದ್ದು ಕೇಳುತ್ತಿತ್ತು. "ನಾಳಿ ಊಟಕ್ಕ ಬಾ," ಎಂದಷ್ಟೇ ಹೇಳಿ ಫೋನಿಟ್ಟರು.

ಶನಿವಾರ ಹೋದರೆ ನಡುಮನೆಯಲ್ಲಿ ಚಾಪೆ ಹಾಸಿತ್ತು. ಅಮರಯ್ಯ, ಸತೀಶ, ಇಬ್ಬರೂ ಕೂತಿದ್ದರು. ಅಣ್ಣ ಗೋಡೆಗೆ ಒರಗಿ ತಲೆ ತಗ್ಗಿಸಿದ್ದ. ಮೂರು ಎಲೆ. ಟೆಂಪೊ ನಿಜವಾಗಿಯೂ ಕೆಳಗೆ ನಿಂತಿತ್ತು.

"ಊಟಕ್ಕ ಬಂದಿಲ್ರಿ ನಾ," ಎಂದ ಅಮರಯ್ಯ.

"ಊಟದ ಹೊತ್ತಿಗೆ ಬಂದೀರಲ್ರಿ. ಉಂಡು ಬೈಯ್ರಿ," ಎಂದು ವೈನಿ ರೊಟ್ಟಿ ಬಡಿಸಿದರು. ಹಸಿದವನು, ಉಂಡ. ಉಂಡ ಮೇಲೆ ವೈನಿ ಹಾಳೆಯನ್ನು ಅವನ ಮುಂದೆ ಇಟ್ಟರು.

"ಎರಡು ಸಾವಿರ? ನಾ ಮಂದಿಗೆ ನನ್ನ ಜೇಬಿನಿಂದ ಕೊಟ್ಟೀನ್ರಿ ಅಕ್ಕಾರ! ಬ್ಯಾಂಕಿಗೆ ಆರು ಸಾವಿರ, ನಂಗ ಎರಡೇನು?" ಅಮರಯ್ಯನ ದನಿ ಏರಿತು. ಅವನ ಸಂಕಟವೂ ಸುಳ್ಳಲ್ಲ.

"ಅವರದು ಬಾಕಿ ನಿಮ್ಮದಕ್ಕ ಮೂರು ಪಟ್ಟು ಐತ್ರಿ. ಸೌಟು ಎಲ್ಲಾರಿಗೂ ಒಂದ. ಗಿರಣಿ ಒಯ್ಯತೀರಿ? ಒಯ್ಯರಿ. ಹನ್ನೆರಡು ಸಾವಿರ ಬಂದೀತು. ಆಮ್ಯಾಲ ಉಳಿದ ಎಂಬತ್ತನಾಕು ಸಾವಿರ ನಾ ಎಲ್ಲಿಂದ ಕೊಡ್ಲಿ?"

ಅಮರಯ್ಯ ನನ್ನ ಕಡೆ ಬೆರಳು ತೋರಿಸಿ ಕೇಳಿದ, "ಇದೆಲ್ಲಾ ನಮ್ಮಂಥ ಹೊರಗಿನವರಿಗೆ. ನಿಮ್ಮ ಮೈದುನಗ ಒಳಗಿಂದೊಳಗ ಎಷ್ಟು ಕೊಟ್ಟೀರಿ? ಖರೇ ಹೇಳ್ರಿ."

ವೈನಿ ನನ್ನತ್ತ ನೋಡಲೂ ಇಲ್ಲ. ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ರವಿಕಿರಣ. ಮೂವತ್ತಾರು ಸಾವಿರ. ತಿಂಗಳಿಗೆ ಏಳುನೂರೈವತ್ತು. ನಾ ಎತ್ತಿ ಬೆಳಿಸಿದ ಹುಡುಗ ಅವ. ಅವಗೂ ಇದ ಸೌಟು."

ಅಮರಯ್ಯ ನನ್ನನ್ನು ಕೇಳಿದ, "ಹೌದೇನಪಾ?"

"ಹೌದ್ರಿ," ಎಂದೆ. ಒಳಗೆ ಕುದಿಯುತ್ತಿದ್ದೆ. ಮನೆಯ ಮಗನಿಗೂ ಹೊರಗಿನವನಿಗೂ ಒಂದೇ ಅಳತೆಯೇ ಎಂದು.

ಅಮರಯ್ಯ ಆ ಸಾಲನ್ನು ಎರಡು ಸಲ ಓದಿದ. "ಮನಿ ಮಂದಿಗೂ ಇಷ್ಟ ಅಂದ್ರ ನಾ ಏನು ಅನ್ನಲ್ರಿ," ಎಂದು ಪೆನ್ನು ತೆಗೆದು ಸಹಿ ಹಾಕಿದ. ಸತೀಶ ತೆಲುಗಿನಲ್ಲಿ "ಪರವಾಲೇದಮ್ಮಾ", ಪರವಾಗಿಲ್ಲ ಎಂದು ಅದರ ಕೆಳಗೆ ಹಾಕಿದ. ಟೆಂಪೊ ಖಾಲಿ ಮರಳಿತು.

ಅಂದು ಗಿರಣಿ ಉಳಿಸಿದ್ದು ನನ್ನ ಹೆಸರಿನ ಆ ಕೊನೆಯ ಸಾಲು. ನಾನು ಕೇಳಿದಂತೆ ಗುಟ್ಟಾಗಿ ದುಡ್ಡು ಕೊಟ್ಟಿದ್ದರೆ ವೈನಿಗೆ ಅಮರಯ್ಯನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲು ಆಗುತ್ತಿರಲಿಲ್ಲ. ಇದು ನನ್ನ ಮಂದ ತಲೆಗೆ ಹೋಗಲು ಒಂದು ವಾರ ಬೇಕಾಯಿತು.

ನಾಲ್ಕು ವರ್ಷ. ಪ್ರತಿ ತಿಂಗಳು ಐದನೇ ತಾರೀಖು ಆರೂ ಕಡೆ ದುಡ್ಡು ಹೋಯಿತು. ಮಳೆಗಾಲದಲ್ಲೊಮ್ಮೆ ಆರ್ಡರ್ ಬಿದ್ದಾಗ ಎರಡು ದಿನ ಮೊದಲೇ ಆರೂ ಜನರಿಗೆ ಫೋನ್ ಮಾಡಿ, ಈ ತಿಂಗಳು ಮುಕ್ಕಾಲು ಸೌಟು ಎಂದರು. ಸಂಕ್ರಾಂತಿಗೆ ಸಜ್ಜೆ ರೊಟ್ಟಿ ಚೆನ್ನಾಗಿ ಹೋದಾಗ ಎಲ್ಲರಿಗೂ ಅಷ್ಟಷ್ಟು ಹೆಚ್ಚು ಬಡಿಸಿದರು. ಅಣ್ಣ ನಿಧಾನಕ್ಕೆ ಎದ್ದು ರೊಟ್ಟಿ ಕಟ್ಟತೊಡಗಿದ, ಆಮೇಲೆ ಮೆಟ್ರೊದಲ್ಲಿ ಒಯ್ದು ಕೊಡತೊಡಗಿದ. ವಸೂಲಿಯವರ ಕಿರುಚಾಟ ನಿಂತ ಮೆಟ್ಟಿಲಲ್ಲಿ ಈಗ ಜನ ವೈನಿಯ ಹತ್ತಿರ ತಮ್ಮ ಸಾಲದ ಹಾಳೆ ಬರೆಸಲು ಬಂದು ಕೂರುತ್ತಾರೆ.

ಮೂರನೇ ವರ್ಷ ನಾನು ನಾಚಿಕೆಯಿಂದಲೇ ಹೇಳಿದೆ, "ವೈನಿ, ನಂದು ಉಳದದ್ದು ಬಿಟ್ಟೀನ್ರಿ. ಕೊಡೋದು ಬ್ಯಾಡ."

"ಪಂಕ್ತ್ಯಾಗ ಕುಂತಾಂವ ನಡುವ ಏಳಬಾರದು. ಸುಮ್ಮ ಕುಂದ್ರು," ಎಂದರು.

ಹೋದ ತಿಂಗಳು ಐದರಂದು ಕೊನೆಯ ಕಂತು. ಬ್ಯಾಂಕು, ಕಾರ್ಡು, ಫೈನಾನ್ಸು ಮೂರಕ್ಕೂ ಮೊದಲೇ ಕಟ್ಟಿದ್ದರಿಂದ ಬಾಕಿ ಇಲ್ಲ ಎಂಬ ಪತ್ರಗಳು ಬಂದಿದ್ದವು. ಅಮರಯ್ಯನಿಗೂ ಸತೀಶನಿಗೂ ಆ ಬೆಳಿಗ್ಗೆಯೇ ದುಡ್ಡು ಮುಟ್ಟಿತ್ತು. ಅಮರಯ್ಯ, ಸತೀಶ, ನಾನು ಮತ್ತೆ ಅದೇ ಚಾಪೆಯ ಮೇಲೆ ಕೂತೆವು. ಆ ದಿನ ಹೋಳಿಗೆ. ಅಮರಯ್ಯ ಮೊದಲ ಎಲೆಗೆ ಕೂತಿದ್ದ, ನಾನು ಕೊನೆಗೆ. ವೈನಿ ತುಪ್ಪದ ಗಿಂಡಿ ಹಿಡಿದು ಅಮರಯ್ಯನನ್ನು ದಾಟಿ, ಸತೀಶನನ್ನು ದಾಟಿ, ನೇರ ನನ್ನ ಎಲೆಯ ಮುಂದೆ ಬಗ್ಗಿದರು. ಹೋಳಿಗೆಯ ಪಕ್ಕದಲ್ಲಿ ಏಳುನೂರೈವತ್ತು ರೂಪಾಯಿ ಇಟ್ಟರು.

"ಯಾಕ್ರಿ ವೈನಿ, ಈ ಕಡಿಂದ ಬಡಸಾಕತ್ತೀರಿ?" ಎಂದೆ.

"ಅವತ್ತ ಫೋನಿನ್ಯಾಗ ಕೇಳಿದ್ದಿಯಲ್ಲ, ಮೊದಲು ನಂಗ ಅಂತ," ಅವರ ದನಿ ನನ್ನ ಕಿವಿಗಷ್ಟೇ ಕೇಳುವಷ್ಟು ಸಣ್ಣದಿತ್ತು. "ಅವತ್ತ ನಂಗ ಆಗಲಿಲ್ಲ. ಇವತ್ತ ನಾ ಯಾರ ಸಾಲಗಾರಳೂ ಅಲ್ಲ. ಇವತ್ತ ಮೊದಲು ನಿಂಗ."

ನಾಲ್ಕು ವರ್ಷ ನನ್ನ ಆ ಫೋನಿನ ಮಾತನ್ನು ಅವರು ಅಣ್ಣನಿಗೂ ಹೇಳಿರಲಿಲ್ಲ. ನಾನು ಎಲೆಯ ಮೇಲೆ ಬಗ್ಗಿ ಹೋಳಿಗೆ ಮುರಿದೆ. ವೈನಿ ತುಪ್ಪ ಇನ್ನೂ ಸುರಿಯುತ್ತಲೇ ಇದ್ದರು, ನಾನು ಸಾಕು ಎನ್ನಲಿಲ್ಲ.