ಯೂರಿಯಾ ಬಿಟ್ಟ ಅಣ್ಣ

ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಯೂರಿಕೇಸ್ ಎಂಬ ಕಿಣ್ವದ ಪಾಠ ಪ್ರತಿ ವರ್ಷ ಬರುತ್ತದೆ. ರಕ್ತದಲ್ಲಿನ ಯೂರಿಕ್ ಆಮ್ಲವನ್ನು ಒಡೆಯುವ ಈ ಕಿಣ್ವ ಬೀದಿನಾಯಿಯ ಮೈಯಲ್ಲೂ ಇದೆ. ಆ ಭಾಗ್ಯ ನಮಗಿಲ್ಲ, ಎಂದೋ ಕಳೆದುಕೊಂಡಿದ್ದೇವೆ. ಅದಕ್ಕೇ ಕೆಲವರಲ್ಲಿ ಆ ಆಮ್ಲ ಹರಳುಗಟ್ಟಿ ಕೀಲಿನಲ್ಲಿ ಕೂರುತ್ತದೆ, ಗೌಟ್ ಆಗುತ್ತದೆ. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಇದನ್ನು ಒಪ್ಪಿಸಬಲ್ಲೆ.

ಖಾನಾಪುರದಲ್ಲಿ ಭತ್ತ ಬೆಳೆಯುವ ಅಣ್ಣನಿಗೆ ಕಾಲಿನ ಹೆಬ್ಬೆರಳು ಕೆಂಪಗೆ ಬಾತು, ಹೊದಿಕೆ ತಾಗಿದರೂ ಜೀವ ಹೋಗುವಷ್ಟು ನೋವು. ರಕ್ತಪರೀಕ್ಷೆಯ ಚೀಟಿಯನ್ನು ನನ್ನ ಮೊಬೈಲಿಗೆ ಕಳಿಸಿದ. ನಾನು ಫೋನು ಮಾಡಿ, "ಯೂರಿಕ್ ಜಾಸ್ತಿ ಐತಿ. ಡಾಕ್ಟರ್ ಕೊಟ್ಟ ಗುಳಿಗಿ ಬಿಡಬ್ಯಾಡ" ಎಂದೆ. ಕ್ಲಾಸಿಗೆ ಹೊತ್ತಾಗಿತ್ತು, ಇಟ್ಟುಬಿಟ್ಟೆ.

ಮುಂದಿನ ತಿಂಗಳು ಹೋದರೆ ಅವನು ಯೂರಿಯಾ ಚೀಲಗಳನ್ನೆಲ್ಲ ಬಾಜು ಮನೆಯವರಿಗೆ ಕೊಟ್ಟಿದ್ದ.

"ಗದ್ದಿಗೆ ಹಾಕೂದ ನಿಲ್ಲಿಸೀನಿ. ಅನ್ನದಾಗಿಂದ ಮೈಯಾಗ ಹೊಕ್ಕಿತ್ತು ಅದು. ಈಗ ನೋವು ಕಡಮಿ ಐತಿ, ಇನ್ನ ಗುಳಿಗಿ ಯಾಕ?"

ನಾನು ಬಿದ್ದು ಬಿದ್ದು ನಕ್ಕೆ. ಹೆಸರು ಒಂದೇ ಥರ, ವಸ್ತು ಬೇರೆ ಎಂದು ಬಿಡಿಸಿ ಹೇಳಲು ಹತ್ತು ನಿಮಿಷ ಸಾಕಿತ್ತು. ಹೇಳಲಿಲ್ಲ. ಮರುದಿನ ಕ್ಲಾಸಿನಲ್ಲಿ ಅದನ್ನೇ ಚಟಾಕಿ ಮಾಡಿ ಹೇಳಿದೆ, ಎಲ್ಲರೂ ನಕ್ಕರು. ಆ ವರ್ಷ ಗೊಬ್ಬರವಿಲ್ಲದೆ ಅವನ ಪೈರು ಹಳದಿಯಾಗಿತ್ತು.

ನೋವು ಮತ್ತೆ ಮತ್ತೆ ಬಂತು. ಬಂದಾಗಲೆಲ್ಲ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿದ. ಹೀಗೇ ಎರಡು ವರ್ಷ. ಈ ಮಳೆಗಾಲ ಮುಗಿಯುವಾಗ ಮುಖವೂ ಬಾತುಕೊಂಡಿತು, ಬೆಳಗಾವಿಯ ಆಸ್ಪತ್ರೆಗೆ ಕರೆತಂದೆವು. ಯೂರಿಕ್ ಆಮ್ಲಕ್ಕೂ ನೋವಿನ ಗುಳಿಗೆಗೂ ಸಿಕ್ಕಿ ಎರಡೂ ಕಿಡ್ನಿ ಕೆಟ್ಟಿವೆ, ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು ಎಂದರು. ನನಗೆ ಅಳು ಬರಲಿಲ್ಲ. ಏನೂ ಅನಿಸಲೇ ಇಲ್ಲ. ಕ್ಯಾಂಟೀನಿಗೆ ಹೋಗಿ ಉಪ್ಪಿಟ್ಟು ತಿಂದೆ, ಉಪ್ಪು ಕಡಿಮೆಯಾಗಿದೆ ಎಂದೂ ಹೇಳಿದೆ.

ಮರಳಿ ಬಂದಾಗ ವೈದ್ಯೆ ಅಣ್ಣನ ಹಾಸಿಗೆಯ ಪಕ್ಕ ನಿಂತಿದ್ದರು.

"ಇಷ್ಟ ದಿನ ಯೂರಿಕ್ ಆಮ್ಲದ ಔಷಧ ಯಾಕ ತಗೊಳ್ಳಿಲ್ರಿ? ಮನ್ಯಾಗ ತಿಳದವರು ಯಾರೂ ಇಲ್ಲೇನ್ರಿ?"

ಅಣ್ಣ ಸೂಜಿ ಚುಚ್ಚಿದ ಕೈಯನ್ನೇ ಎತ್ತಿ ನನ್ನತ್ತ ತೋರಿಸಿದ. ಅವನ ಮುಖದಲ್ಲಿ ಹೆಮ್ಮೆಯಿತ್ತು.

"ಅದಾಳ್ರಿ, ನಮ್ಮ ತಂಗಿ. ಕಾಲೇಜಿನ್ಯಾಗ ಇದನ್ನ ಕಲಸ್ತಾಳ್ರಿ."